ಲಿನಕ್ಸ್ ಕಂಪ್ಯೂಟರಿಗೆ ಒಂದು ಸರಳ ವರ್ಡ್ ಪ್ರೊಸೆಸರ್: ಕನ್ನಡದಲ್ಲಿ ಬರೆಯುವವರಿಗೆ ಹಂತ ಹಂತದ ಮಾರ್ಗದರ್ಶಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಸಿಗುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಅದಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಸ್ವಲ್ಪ ಹೊಸ ಪ್ರೊಸೆಸರೂ ಬೇಕು. ಹಾಗಾಗಿ ಗಟ್ಟಿಮುಟ್ಟಾಗಿರುವ ಎಷ್ಟೋ ಹಳೆಯ ಕಂಪ್ಯೂಟರ್‌ಗಳಿಗೆ ಜನ ಈಗ ಲಿನಕ್ಸ್ ಹಾಕಿಸಿಕೊಳ್ಳುತ್ತಿದ್ದಾರೆ. ಹಾಕಿಸಿಕೊಂಡ ಮಾರನೆಯ ದಿನವೇ ಬರುವ ಪ್ರಶ್ನೆ, "ಇದರಲ್ಲಿ ವರ್ಡ್ ಎಲ್ಲಿದೆ?"

ವರ್ಡ್ ಇಲ್ಲ. ಆದರೆ ಬರೆಯೋಕೆ ಬೇಕಾದದ್ದೆಲ್ಲ ಇದೆ, ಅದೂ ಉಚಿತವಾಗಿ. ತೊಂದರೆ ಏನೆಂದರೆ ಆಯ್ಕೆ ಜಾಸ್ತಿ. ಇಂಟರ್ನೆಟ್ಟಿನಲ್ಲಿ ಸಿಗುವ ಪಟ್ಟಿಗಳೆಲ್ಲ ಇಂಗ್ಲಿಷಿನಲ್ಲಿ ಬರೆಯುವವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. "ಹಗುರ", "ಚುರುಕು", "ಸರಳ" ಎಂದು ಹೊಗಳಿರುತ್ತಾರೆ. ಅದರಲ್ಲಿ ಒತ್ತಕ್ಷರ ಸರಿಯಾಗಿ ಕೂರುತ್ತದಾ, ಅರ್ಕಾವತ್ತು ಬರುತ್ತದಾ ಎನ್ನುವುದು ಯಾರೂ ಹೇಳುವುದಿಲ್ಲ. ಈ ಮಾರ್ಗದರ್ಶಿ ಬರೆಯುತ್ತಿರುವುದು ಅದಕ್ಕೇ. ಅರ್ಜಿ, ಪತ್ರ, ಪಾಠದ ಟಿಪ್ಪಣಿ, ಕಥೆ, ಸಂಘದ ವರದಿ, ಇಂಥವನ್ನು ಕನ್ನಡದಲ್ಲಿ ಅಥವಾ ಎರಡೂ ಭಾಷೆಯಲ್ಲಿ ಬರೆಯುವವರು ಯಾವುದನ್ನು ಆರಿಸಿಕೊಳ್ಳಬೇಕು, ಆಮೇಲೆ ಅದನ್ನು ಹೇಗೆ ಸಿದ್ಧ ಮಾಡಿಕೊಳ್ಳಬೇಕು ಎನ್ನುವುದು ಇಲ್ಲಿನ ವಿಷಯ.

ನಾನು ಉದಾಹರಣೆಗೆ ಇಟ್ಟುಕೊಂಡಿರುವುದು ಲಿನಕ್ಸ್ ಮಿಂಟ್. ಉಬುಂಟು, ಡೆಬಿಯನ್, ಫೆಡೋರಾ ಎಂಬ ಬೇರೆ ಬಗೆಯ ಲಿನಕ್ಸ್ ಇದ್ದರೂ ದಾರಿ ಇದೇ, ಮೆನುಗಳ ಹೆಸರು ಮಾತ್ರ ಸ್ವಲ್ಪ ಆಚೀಚೆ. ತಂತ್ರಾಂಶ ಹುಡುಕುವಾಗ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಿ.

ಮೊದಲು: ಬರೆದದ್ದು ಎಲ್ಲಿಗೆ ಹೋಗುತ್ತದೆ?

ತಂತ್ರಾಂಶ ಹುಡುಕುವ ಮೊದಲು ಒಂದು ನಿಮಿಷ ಇದನ್ನು ಯೋಚಿಸಿ. ನೀವು ಬರೆದ ಫೈಲ್ ಕೊನೆಗೆ ಯಾರ ಕೈ ಸೇರುತ್ತದೆ?

ನೀವೇ ಬರೆದು ನೀವೇ ಪ್ರಿಂಟ್ ತೆಗೆಯುವುದಾದರೆ ಯಾವ ತಂತ್ರಾಂಶವಾದರೂ ನಡೆಯುತ್ತದೆ. ಜೆರಾಕ್ಸ್ ಅಂಗಡಿಗೆ ಪೆನ್‌ಡ್ರೈವಿನಲ್ಲಿ ಒಯ್ಯುವುದಾದರೆ ಪಿಡಿಎಫ್ ಮಾಡುವ ಸೌಲಭ್ಯ ಬೇಕು. ಕಚೇರಿಗೋ ಪತ್ರಿಕೆಗೋ ಕಳಿಸಿ ಅವರು ಅದನ್ನು ತಿದ್ದುವುದಿದ್ದರೆ ವರ್ಡ್ ತೆರೆಯುವಂಥ ಡಾಕ್‌ಎಕ್ಸ್ ಫೈಲ್ ಕೊಡಲೇಬೇಕು. ತಿದ್ದಿದ ಫೈಲ್ ವಾಪಸ್ ನಿಮಗೆ ಬಂದು ಮತ್ತೆ ಹೋಗುವುದಿದ್ದರೆ, ಕೋಷ್ಟಕ, ಅಡಿಟಿಪ್ಪಣಿ ಕೆಡದೆ ಓಡಾಡಬೇಕು. ಆಗ ಆಯ್ಕೆ ತುಂಬ ಕಿರಿದಾಗುತ್ತದೆ.

ಸರಳ ತಂತ್ರಾಂಶ ಹುಡುಕುವವರು ಬಹಳ ಜನ ಎಡವುವುದು ಇಲ್ಲಿಯೇ. ಬಟನ್ ಕಡಿಮೆ ಇದ್ದರೆ ಸರಳ ಎಂದುಕೊಳ್ಳುತ್ತಾರೆ. ಫೈಲ್ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಒಡೆದುಹೋದಾಗ ಆ ಸರಳತೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಬಟನ್‌ಗಳನ್ನು ಮರೆಮಾಡಬಹುದು, ಒಂದೇ ಒಂದು ಮೆನು ಬದಲಾಯಿಸಿದರೆ ಸಾಕು. ಒಡೆದ ಫೈಲನ್ನು ಸರಿಮಾಡೋದು ಅಷ್ಟು ಸುಲಭ ಅಲ್ಲ.

ಎರಡನೆಯದು: ಕಂಪ್ಯೂಟರಿನ ಶಕ್ತಿ ನೋಡಿ

ಮಿಂಟ್‌ನ ಮೆನುವಿನಲ್ಲಿ ಸಿಸ್ಟಂ ಇನ್ಫರ್ಮೇಶನ್ ತೆರೆದರೆ ರ್‍ಯಾಮ್ ಎಷ್ಟಿದೆ ಎಂದು ಕಾಣುತ್ತದೆ. 4 ಜಿಬಿ ಅಥವಾ ಅದಕ್ಕಿಂತ ಹೆಚ್ಚು ಇದ್ದರೆ ಯೋಚನೆ ಬೇಡ, ಕೆಳಗೆ ಹೇಳುವ ಯಾವುದಾದರೂ ಆರಾಮಾಗಿ ಓಡುತ್ತದೆ. 2 ಜಿಬಿ ಇದ್ದರೂ ಬರೆಯೋಕೆ ಸಾಕು; ಜಾಗ ತಿನ್ನುವುದು ಬ್ರೌಸರ್. ಬರೆಯುವಾಗ ಅದನ್ನು ಮುಚ್ಚಿಡಿ. 1 ಜಿಬಿ ಇರುವ ತೀರಾ ಹಳೆಯ ಯಂತ್ರವಾದರೆ ಮಾತ್ರ ಹಗುರವಾದ ತಂತ್ರಾಂಶವೇ ಬೇಕಾಗುತ್ತದೆ, ಮಿಂಟ್‌ಗಿಂತ ಹಗುರವಾದ ಲಿನಕ್ಸ್ ಕೂಡ.

ಮೂರನೆಯದು: ಕೀಲಿಮಣೆ ಮತ್ತು ಅಕ್ಷರ

ವರ್ಡ್ ಪ್ರೊಸೆಸರ್ ಹಾಕುವ ಮೊದಲೇ ಇದನ್ನು ಮುಗಿಸಿಕೊಳ್ಳಿ. ಇಲ್ಲದಿದ್ದರೆ ಕೀಲಿಮಣೆಯ ತಪ್ಪಿಗೆ ವರ್ಡ್ ಪ್ರೊಸೆಸರ್ ಬೈಸಿಕೊಳ್ಳುತ್ತದೆ.

ವಿಂಡೋಸ್‌ನಲ್ಲಿ ನುಡಿ ಬಳಸಿದವರಿಗೆ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಕೈಗೆ ಒಗ್ಗಿರುತ್ತದೆ. ಅದು ಲಿನಕ್ಸ್‌ನಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್ (ಬೇರೆ ಬೇರೆ ಭಾಷೆಯ ಕೀಲಿಮಣೆ ಒದಗಿಸುವ ತಂತ್ರಾಂಶ) ಎಂದು ಹುಡುಕಿ, ಐಬಸ್ ಮತ್ತು ಐಬಸ್-ಎಂ17ಎನ್ ಎರಡನ್ನೂ ಹಾಕಿ. ಆಮೇಲೆ ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಒಮ್ಮೆ ಲಾಗ್ ಔಟ್ ಮಾಡಿ ಮತ್ತೆ ಒಳಗೆ ಬನ್ನಿ. ಇದನ್ನು ಮಾಡದೆ "ಬರ್ತಾ ಇಲ್ಲ" ಎನ್ನುವವರೇ ಜಾಸ್ತಿ. ನಂತರ ಐಬಸ್ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್ ಮೆಥಡ್ ಪುಟದಲ್ಲಿ ಕನ್ನಡ ಆರಿಸಿದರೆ ಒಂದಷ್ಟು ವಿನ್ಯಾಸಗಳು ಬರುತ್ತವೆ. ಕೆಜಿಪಿ ಎಂದಿರುವುದು ನುಡಿಯ ವಿನ್ಯಾಸ. ಐಟ್ರಾನ್ಸ್ ಎಂದಿರುವುದು ಇಂಗ್ಲಿಷ್ ಉಚ್ಚಾರಣೆಯ ಹಾಗೆ ಟೈಪ್ ಮಾಡುವವರಿಗೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ.

ಕೆಜಿಪಿ ಸರಿಯಾಗಿ ಕೂತಿದೆಯಾ ಎಂದು ನೋಡಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಕೀಲಿಗಳನ್ನು ಸಾಲಾಗಿ ಒತ್ತಿ. "ಕನ್ನಡ" ಎಂದು ಬರಬೇಕು. ಎಫ್ ಇಲ್ಲಿ ಒತ್ತು ಕೊಡುವ ಕೀಲಿ, ಡಬ್ಲ್ಯೂ ಅಂದರೆ ಡ. ಲಿನಕ್ಸ್‌ನ ಸಾಮಾನ್ಯ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕಗಪ ಎಂಬ ಇನ್ನೊಂದು ಕನ್ನಡ ವಿನ್ಯಾಸ ಕಾಣಿಸುತ್ತದೆ. ಹೆಸರು ನೋಡಿ ಎರಡೂ ಒಂದೇ ಎಂದುಕೊಳ್ಳಬೇಡಿ. ಅದರಲ್ಲಿ ವ್ಯಂಜನ ಆದ ಮೇಲೆ ಸ್ವರ ಒತ್ತಿದಾಗ ತಾನಾಗಿಯೇ ಕಾಗುಣಿತ ಆಗುವ ಜಾಣತನ ಇರುವುದಿಲ್ಲ. ಸ್ವರಕ್ಕೆ ಒಂದು ಕೀಲಿ, ಅದರ ಚಿಹ್ನೆಗೆ ಇನ್ನೊಂದು. ನುಡಿಯ ಅಭ್ಯಾಸ ಇದ್ದವರಿಗೆ ಐಬಸ್‌ನದ್ದೇ ಸರಿ.

ಇನ್ನು ಫಾಂಟ್. ನೋಟೋ ಸ್ಯಾನ್ಸ್ ಕನ್ನಡ, ನೋಟೋ ಸೆರಿಫ್ ಕನ್ನಡ, ಲೋಹಿತ್ ಕನ್ನಡ, ಗುಬ್ಬಿ, ನವಿಲು, ಇವೆಲ್ಲ ಮುಕ್ತವಾಗಿ ಸಿಗುವ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ ಪದ್ಧತಿ) ಫಾಂಟ್‌ಗಳು. ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ಸಾಫ್ಟ್‌ವೇರ್ ಮ್ಯಾನೇಜರಿನಿಂದಲೇ ಹಾಕಿಕೊಳ್ಳಬಹುದು. ಉದ್ದದ ಬರಹಕ್ಕೆ ನನಗೆ ನೋಟೋ ಸೆರಿಫ್ ಇಷ್ಟ. ಪುಟ ತುಂಬಿದರೂ ಕಣ್ಣಿಗೆ ಭಾರ ಅನಿಸುವುದಿಲ್ಲ.

ನಾಲ್ಕನೆಯದು: ಯಾವ ಯಾವುದಿದೆ

ಲಿಬ್ರೆಆಫೀಸ್ ರೈಟರ್. ಮಿಂಟ್ ಹಾಕಿದವರಲ್ಲಿ ಹೆಚ್ಚಿನವರ ಕಂಪ್ಯೂಟರಿನಲ್ಲಿ ಇದು ಆಗಲೇ ಇರುತ್ತದೆ. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದು ಬಂದ ಯೋಜನೆ; ಡಾಕ್ಯುಮೆಂಟ್ ಫೌಂಡೇಶನ್ ಎಂಬ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ. ಬೇರು ಇನ್ನೂ ಹಳೆಯದು, 1985ರ ಸ್ಟಾರ್‌ರೈಟರ್ ತನಕ ಹೋಗುತ್ತದೆ. ಕನ್ನಡದ ಮಟ್ಟಿಗೆ ಹೇಳಬೇಕಾದ ವರ್ಷ 2017. ಆ ವರ್ಷ ಬಂದ 5.3 ಆವೃತ್ತಿಯಿಂದ ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರರಲ್ಲೂ ಅಕ್ಷರ ಜೋಡಿಸುವ ಕೆಲಸ ಹಾರ್ಫ್‌ಬಝ್ ಎಂಬ ಒಂದೇ ತಂತ್ರಾಂಶಕ್ಕೆ ಹೋಯಿತು. ಒತ್ತು, ಕಾಗುಣಿತ, ಅರ್ಕಾವತ್ತು ಎಲ್ಲಿ ಕೂರಬೇಕು ಎಂದು ಫಾಂಟಿನ ನಿಯಮ ಓದಿ ಜೋಡಿಸುವುದು ಅದರ ಕೆಲಸ. ಹಾಗಾಗಿ ನಿಮ್ಮ ಲಿನಕ್ಸ್‌ನಲ್ಲಿ ಕಂಡ ಹಾಗೆಯೇ ಇನ್ನೊಬ್ಬರ ವಿಂಡೋಸ್‌ನ ಲಿಬ್ರೆಆಫೀಸ್‌ನಲ್ಲೂ ಕಾಣುತ್ತದೆ, ಫಾಂಟ್ ಒಂದೇ ಆಗಿದ್ದರೆ. ಇದರ ಬಗ್ಗೆ ದೂರು ಒಂದೇ: ತೆರೆದ ಕೂಡಲೇ ಬಟನ್‌ಗಳ ಸಂತೆ. ಅದಕ್ಕೆ ಮುಂದೆ ಮದ್ದು ಹೇಳುತ್ತೇನೆ.

ಅಬಿವರ್ಡ್. "ಸರಳ ವರ್ಡ್ ಪ್ರೊಸೆಸರ್" ಎಂದು ಕೇಳಿದರೆ ಹಳೆಯ ಲಿನಕ್ಸ್ ಬಳಕೆದಾರರು ಮೊದಲು ಹೇಳುವ ಹೆಸರು. 1998ರಲ್ಲಿ ಸೋರ್ಸ್‌ಗಿಯರ್ ಎಂಬ ಕಂಪನಿ ಶುರು ಮಾಡಿದ್ದು, ಆಮೇಲೆ ಸ್ವಯಂಸೇವಕರು ಬೆಳೆಸಿದರು. ತೆರೆಯುವುದು ಥಟ್ಟನೆ, ಜಾಗ ತಿನ್ನುವುದು ಕಡಿಮೆ. ಒಂದು ಕಾಲಕ್ಕೆ ಲುಬುಂಟು, ಜುಬುಂಟು ಎಂಬ ಹಗುರ ಲಿನಕ್ಸ್‌ಗಳ ಜೊತೆಗೇ ಬರುತ್ತಿತ್ತು. ಈಗ ಎರಡೂ ಲಿಬ್ರೆಆಫೀಸ್‌ಗೆ ಹೋಗಿವೆ. ಇತ್ತೀಚಿನ ವರ್ಷಗಳಲ್ಲಿ ಹೊಸ ಬದಲಾವಣೆ ತೀರ ನಿಧಾನ. ತನ್ನದೇ ಎಬಿಡಬ್ಲ್ಯೂ ಎಂಬ ಫಾರ್ಮ್ಯಾಟಿನಲ್ಲಿ ಉಳಿಸುತ್ತದೆ, ಅದನ್ನು ಬೇರೆಯವರು ತೆರೆಯೋದು ಕಷ್ಟ. ಉಳಿಸುವಾಗ ಒಡಿಟಿ (ಲಿಬ್ರೆಆಫೀಸ್ ಬಳಸುವ ಫಾರ್ಮ್ಯಾಟ್) ಅಥವಾ ಆರ್‌ಟಿಎಫ್ (ಹೆಚ್ಚಿನ ತಂತ್ರಾಂಶಗಳು ತೆರೆಯುವ ಹಳೆಯ ಫಾರ್ಮ್ಯಾಟ್) ಆರಿಸಿ. ಡಾಕ್‌ಎಕ್ಸ್ ತೆರೆಯುತ್ತದೆ, ಆದರೆ ಕೋಷ್ಟಕ, ಚಿತ್ರ ಇರುವ ಫೈಲಿಗೆ ಇದನ್ನು ನಂಬಬೇಡಿ. 1 ಜಿಬಿ ಯಂತ್ರಕ್ಕೆ, ಅದರಲ್ಲೂ ಬರೀ ಪತ್ರ ಬರೆಯುವವರಿಗೆ ಇದು ಇನ್ನೂ ಒಳ್ಳೆಯ ಉತ್ತರವೇ.

ಫೋಕಸ್‌ರೈಟರ್. ಕಥೆ, ಕಾದಂಬರಿ, ಲೇಖನ ಬರೆಯುವವರು ಇದನ್ನು ಒಮ್ಮೆ ನೋಡಲೇಬೇಕು. ಪರದೆ ತುಂಬ ನಿಮ್ಮ ಪುಟ ಮಾತ್ರ. ಮೌಸನ್ನು ಮೇಲಂಚಿಗೆ ಒಯ್ದರೆ ಮೆನು ಇಳಿಯುತ್ತದೆ, ಕೆಳಗಂಚಿಗೆ ಒಯ್ದರೆ ಪದಗಳ ಲೆಕ್ಕ ಕಾಣುತ್ತದೆ. ದಿನಕ್ಕೆ ಇಷ್ಟು ಪದ ಅಥವಾ ಇಷ್ಟು ನಿಮಿಷ ಎಂದು ಗುರಿ ಇಟ್ಟುಕೊಳ್ಳಬಹುದು. ಒಡಿಟಿಯಲ್ಲಿ ಉಳಿಸುವುದರಿಂದ ಆಮೇಲೆ ರೈಟರ್‌ನಲ್ಲಿ ತೆರೆದು ಅಂದಗೊಳಿಸಬಹುದು. ಕೋಷ್ಟಕ ಇಲ್ಲ, ಚಿತ್ರ ಇಲ್ಲ. ಥೀಮ್ ಸೆಟ್ಟಿಂಗಿಗೆ ಹೋಗಿ ಕನ್ನಡ ಫಾಂಟ್ ಕೊಟ್ಟು, ಸಾಲುಗಳ ನಡುವಿನ ಅಂತರ ಸ್ವಲ್ಪ ಹೆಚ್ಚಿಸಿಕೊಳ್ಳಿ. ಬರೆಯುವ ಖುಷಿಗೆ ಇದಕ್ಕಿಂತ ಚೆಂದದ ಜಾಗ ನನಗೆ ಲಿನಕ್ಸ್‌ನಲ್ಲಿ ಸಿಕ್ಕಿಲ್ಲ.

ಓನ್ಲಿಆಫೀಸ್. ನೋಡೋಕೆ ವರ್ಡ್ ಹಾಗೆಯೇ ಇದೆ, ಡಾಕ್‌ಎಕ್ಸ್ ಅನ್ನೇ ಮೂಲ ಫಾರ್ಮ್ಯಾಟಾಗಿ ಬಳಸುತ್ತದೆ, ಮುಕ್ತ ತಂತ್ರಾಂಶವೂ (ಮೂಲ ಕೋಡನ್ನು ಯಾರು ಬೇಕಾದರೂ ನೋಡಿ ಬದಲಿಸಬಹುದಾದದ್ದು) ಹೌದು. ಇಂಗ್ಲಿಷ್ ಡಾಕ್‌ಎಕ್ಸ್ ಫೈಲುಗಳಲ್ಲೇ ದಿನ ಕಳೆಯುವವರಿಗೆ ಒಳ್ಳೆಯದು. ಹಗುರವಲ್ಲ. ಕನ್ನಡಕ್ಕೆ ಹೊಸ ಆವೃತ್ತಿಯನ್ನೇ ಹಾಕಿ, ಕೆಳಗಿನ ಪರೀಕ್ಷೆ ಮಾಡಿಯೇ ಮುಂದುವರಿಯಿರಿ.

ಡಬ್ಲ್ಯೂಪಿಎಸ್ ಆಫೀಸ್ ಹಾಕಿ ಎಂದು ಕೆಲವರು ಹೇಳುತ್ತಾರೆ. ಅದು ಪುಕ್ಕಟೆ ಸಿಗುತ್ತದೆ, ಮುಕ್ತ ತಂತ್ರಾಂಶವಲ್ಲ. ಮುಕ್ತವಾದದ್ದೇ ಬೇಕು ಎಂದು ಲಿನಕ್ಸ್‌ಗೆ ಬಂದವರು ಇದನ್ನು ತಿಳಿದಿರಬೇಕು. ಮಿಂಟ್ ಜೊತೆ ಬರುವ ಟೆಕ್ಸ್ಟ್ ಎಡಿಟರ್, ಮೌಸ್‌ಪ್ಯಾಡ್ ಇಂಥವು ವರ್ಡ್ ಪ್ರೊಸೆಸರ್ ಅಲ್ಲ. ದಪ್ಪ ಅಕ್ಷರ, ಪುಟದ ಅಳತೆ ಏನೂ ಇರುವುದಿಲ್ಲ. ಆದರೆ ಫೋನ್ ನಂಬರ್, ಸಾಮಾನಿನ ಪಟ್ಟಿ, ಕವಿತೆಯ ಮೊದಲ ಕರಡು ಇವಕ್ಕೆ ಅಷ್ಟೇ ಸಾಕು.

ಐದನೆಯದು: ಒಂದು ಪುಟದ ಪರೀಕ್ಷೆ

ಯಾರೋ ಹೇಳಿದರು ಎಂದು ಒಪ್ಪಿಕೊಳ್ಳಬೇಡಿ, ನಾನು ಹೇಳಿದ್ದನ್ನೂ ಸೇರಿಸಿ. ಎರಡು ತಂತ್ರಾಂಶ ಹಾಕಿಕೊಂಡು ಎರಡರಲ್ಲೂ ಈ ಸಾಲನ್ನು ಟೈಪ್ ಮಾಡಿ:

ಸ್ತ್ರೀ, ರಾಷ್ಟ್ರ, ಸೂರ್ಯ, ಲಕ್ಷ್ಮಿ, ಜ್ಞಾನ, ಉತ್ಕೃಷ್ಟ, ಕೈ, ಕೌ, ಸಾಫ್ಟ್‌ವೇರ್, 2025, ೨೦೨೫

ಈಗ ಒಂದೊಂದಾಗಿ ನೋಡಿ. "ಸೂರ್ಯ"ದಲ್ಲಿ ಅರ್ಕಾವತ್ತು ಯ ಅಕ್ಷರದ ಬಲಕ್ಕೆ ಬಂದಿದೆಯಾ? "ಸ್ತ್ರೀ" ಒಂದೇ ಗುಂಪಾಗಿ ಕಾಣುತ್ತದಾ, ಅಥವಾ ಅರ್ಧಾಕ್ಷರಗಳಾಗಿ ಬಿಡಿಬಿಡಿಯಾಗಿದೆಯಾ? "ಸಾಫ್ಟ್‌ವೇರ್" ಪದದಲ್ಲಿ ವ ಒತ್ತಾಗಿ ಕೆಳಗೆ ಇಳಿಯದೆ ಪೂರ್ತಿ ಅಕ್ಷರವಾಗಿ ನಿಲ್ಲಬೇಕು. ಹಾಗೆ ನಿಲ್ಲಿಸಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಬೇಕು. ರೈಟರ್‌ನಲ್ಲಿ ಅದನ್ನು ಹಾಕುವ ದಾರಿ ಹೀಗೆ: ಟ್ ಆದ ಮೇಲೆ ಇಂಗ್ಲಿಷ್ ಕೀಲಿಮಣೆಗೆ ಬಂದು ಯು, ಕೂಡಿಸುವ ಚಿಹ್ನೆ, 200, ಸಿ ಎಂದು ಒಟ್ಟಾಗಿ ಟೈಪ್ ಮಾಡಿ ಆಲ್ಟ್ ಮತ್ತು ಎಕ್ಸ್ ಒತ್ತಿ. ಟೈಪ್ ಮಾಡಿದ್ದು ಮಾಯವಾಗಿ ಕಾಣದ ಅಕ್ಷರ ಕೂರುತ್ತದೆ. ಮುಂದೆ ವೇರ್ ಎಂದು ಬರೆದರೆ ಮುಗಿಯಿತು.

ಆಮೇಲೆ ಅಳಿಸಿ ನೋಡಿ. ಇದು ಯಾರೂ ಹೇಳದ ಪರೀಕ್ಷೆ, ಆದರೆ ದಿನಾ ಕೈಗೆ ತಾಗುವುದು ಇದೇ. ರೈಟರ್‌ನಲ್ಲಿ "ಸ್ತ್ರೀ" ಪದದ ಕೊನೆಯಲ್ಲಿ ಕರ್ಸರ್ ಇಟ್ಟು ಬ್ಯಾಕ್‌ಸ್ಪೇಸ್ ಒತ್ತಿದರೆ ಮೊದಲು ಈಕಾರದ ಚಿಹ್ನೆ ಹೋಗಿ "ಸ್ತ್ರ" ಉಳಿಯುತ್ತದೆ. ಒಳಗೆ ಸ, ಒತ್ತಿನ ಚಿಹ್ನೆ, ತ, ಮತ್ತೆ ಒತ್ತಿನ ಚಿಹ್ನೆ, ರ, ಈ ಎಂದು 6 ತುಂಡು ಇರುತ್ತವೆ. ಬ್ಯಾಕ್‌ಸ್ಪೇಸ್ ಒಂದೊಂದನ್ನೇ ತೆಗೆಯುತ್ತದೆ. ಅದೇ ಪದದ ಶುರುವಿನಲ್ಲಿ ಕರ್ಸರ್ ಇಟ್ಟು ಡಿಲೀಟ್ ಒತ್ತಿದರೆ ಇಡೀ ಗುಂಪು ಒಮ್ಮೆಗೇ ಹೋಗುತ್ತದೆ. ಕಾಗುಣಿತ ಮಾತ್ರ ತಪ್ಪಿದ್ದರೆ ಬ್ಯಾಕ್‌ಸ್ಪೇಸ್, ಅಕ್ಷರವೇ ಬೇಡವಾದರೆ ಡಿಲೀಟ್. ಇದು ಕೈಗೆ ಅಭ್ಯಾಸವಾದರೆ ತಿದ್ದುವ ವೇಗ ಎಷ್ಟೋ ಹೆಚ್ಚುತ್ತದೆ. ಬೇರೆ ತಂತ್ರಾಂಶ ಇದನ್ನೇ ಬೇರೆ ರೀತಿ ಮಾಡಬಹುದು. ಅಳಿಸುವಾಗ ಅಕ್ಕಪಕ್ಕದ್ದು ಹೋಗುತ್ತಿದ್ದರೆ, ಕರ್ಸರ್ ಒಂದು ಕಡೆ ಕಂಡು ಅಕ್ಷರ ಇನ್ನೊಂದು ಕಡೆ ಬೀಳುತ್ತಿದ್ದರೆ, ಅದನ್ನು ಅಲ್ಲಿಗೇ ಬಿಟ್ಟುಬಿಡಿ.

ಕೊನೆಗೆ ಫೈಲ್ ಉಳಿಸಿ, ಮುಚ್ಚಿ, ಮತ್ತೆ ತೆರೆಯಿರಿ. ಪಿಡಿಎಫ್ ಮಾಡಿ ಮೊಬೈಲಿಗೆ ಕಳಿಸಿ ನೋಡಿ. ಅಲ್ಲೂ ಸರಿ ಇದ್ದರೆ ಪಾಸು.

ನನ್ನ ತೀರ್ಮಾನ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆದು ಬೇರೆಯವರಿಗೆ ಕಳಿಸುವ ಯಾರಿಗಾದರೂ ಲಿಬ್ರೆಆಫೀಸ್ ರೈಟರ್. ಉದ್ದ ಬರೆಯುವವರಿಗೆ ಅದರ ಜೊತೆಗೆ ಫೋಕಸ್‌ರೈಟರ್. ಯಂತ್ರ ತೀರಾ ಬಡವಾಗಿದ್ದರೆ ಅಬಿವರ್ಡ್. ಇನ್ನು ಉಳಿದಿರುವುದು ರೈಟರ್ ಅನ್ನು ನಿಜಕ್ಕೂ ಸರಳ ಮಾಡಿಕೊಳ್ಳುವುದು.

ಆರನೆಯದು: ರೈಟರ್‌ನ ಗಲಾಟೆ ಇಳಿಸುವುದು

ವ್ಯೂ ಮೆನುವಿನಲ್ಲಿ ಯೂಸರ್ ಇಂಟರ್‌ಫೇಸ್ ಎಂದಿದೆ. ಅದರಲ್ಲಿ ಸಿಂಗಲ್ ಟೂಲ್‌ಬಾರ್ ಆರಿಸಿ. ಎರಡು ಸಾಲು ಬಟನ್ ಹೋಗಿ ಒಂದೇ ಸಾಲು ಉಳಿಯುತ್ತದೆ. ಅದೇ ವ್ಯೂ ಮೆನುವಿನಲ್ಲಿ ಸೈಡ್‌ಬಾರ್ ತೆಗೆಯಿರಿ. ಅಳತೆ ಪಟ್ಟಿ ಬೇಡವಾದರೆ ರೂಲರ್ ಕೂಡ ತೆಗೆಯಬಹುದು. ಬರೀ ಪುಟವೇ ಬೇಕು ಎನಿಸಿದಾಗ ಕಂಟ್ರೋಲ್, ಶಿಫ್ಟ್, ಜೆ ಒಟ್ಟಿಗೆ ಒತ್ತಿ. ಪರದೆ ತುಂಬ ಪುಟ ಬರುತ್ತದೆ. ಮತ್ತೆ ಅದನ್ನೇ ಒತ್ತಿದರೆ ವಾಪಸ್. ವರ್ಡ್‌ನ ರಿಬ್ಬನ್ನಿಗೆ ಕಣ್ಣು ಒಗ್ಗಿದವರು ಟ್ಯಾಬ್ಡ್ ಆರಿಸಿಕೊಳ್ಳಿ, ಹೊಸದಾಗಿ ಕಲಿಯೋದು ಕಡಿಮೆಯಾಗುತ್ತದೆ.

ಈಗ ಟೂಲ್ಸ್ ಮೆನುವಿನ ಕೊನೆಯಲ್ಲಿರುವ ಆಪ್ಷನ್ಸ್ ತೆರೆಯಿರಿ. ಇಲ್ಲಿ ಮಾಡಬೇಕಾದ ಕೆಲಸಗಳಲ್ಲಿ ಕನ್ನಡದ್ದೇ ಮುಖ್ಯ. ಲ್ಯಾಂಗ್ವೇಜಸ್ ವಿಭಾಗದ ಒಳಗೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎಂಬುದಿದೆ. ಗುರುತು ಹಾಕುವ ಚೌಕ ಇದ್ದರೆ ಹಾಕಿ, ಭಾಷೆ ಕನ್ನಡ ಎಂದು ಕೊಡಿ. ಆಮೇಲೆ ಲಿಬ್ರೆಆಫೀಸ್ ರೈಟರ್ ವಿಭಾಗದಲ್ಲಿ ಬೇಸಿಕ್ ಫಾಂಟ್ಸ್, ಸಿಟಿಎಲ್ (ಅಂದರೆ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್) ಎಂದಿರುವ ಪುಟಕ್ಕೆ ಹೋಗಿ ನಿಮಗಿಷ್ಟವಾದ ಕನ್ನಡ ಫಾಂಟ್ ಮತ್ತು ಗಾತ್ರ ಕೊಡಿ.

ಇದು ಯಾಕೆ ಬೇಕು ಅಂದರೆ, ರೈಟರ್ ಪ್ರತಿ ಸಾಲಿಗೂ ಎರಡು ಫಾಂಟ್ ಲೆಕ್ಕ ಇಟ್ಟುಕೊಂಡಿರುತ್ತದೆ: ಇಂಗ್ಲಿಷಿಗೆ ಒಂದು, ಕನ್ನಡದಂಥ ಲಿಪಿಗಳಿಗೆ ಇನ್ನೊಂದು. ಗಾತ್ರವೂ ಎರಡು, ದಪ್ಪ ಅಕ್ಷರವೂ ಎರಡು. ಎಷ್ಟೋ ಜನಕ್ಕೆ "ಗಾತ್ರ 16 ಮಾಡಿದೆ, ಇಂಗ್ಲಿಷ್ ಮಾತ್ರ ದೊಡ್ಡದಾಯ್ತು, ಕನ್ನಡ ಹಾಗೇ ಇದೆ" ಎಂಬ ಅನುಭವ ಆಗುವುದು ಇದಕ್ಕೇ. ಪಠ್ಯ ಆಯ್ಕೆ ಮಾಡಿ ಫಾರ್ಮ್ಯಾಟ್ ಮೆನುವಿನ ಕ್ಯಾರೆಕ್ಟರ್ ತೆರೆದರೆ ಎರಡನ್ನೂ ಬೇರೆ ಬೇರೆಯಾಗಿ ನೋಡಬಹುದು. ಇದರ ಇನ್ನೊಂದು ಮುಖ ಅಂಕಿಗಳಲ್ಲಿ ಕಾಣುತ್ತದೆ. 2025 ಎಂಬುದು ಕನ್ನಡ ಪದ ಆದ ಮೇಲೆ ಬಂದರೆ ಕನ್ನಡದ ಫಾಂಟಿನಲ್ಲಿ, ಇಂಗ್ಲಿಷ್ ಪದ ಆದ ಮೇಲೆ ಬಂದರೆ ಇಂಗ್ಲಿಷಿನ ಫಾಂಟಿನಲ್ಲಿ ಬರುತ್ತದೆ. ಒಂದೇ ಪುಟದಲ್ಲಿ ಅಂಕಿಗಳು ಎರಡು ಥರ ಕಂಡರೆ ಗಾಬರಿ ಬೇಡ, ಎರಡೂ ಫಾಂಟ್ ಹೊಂದುವಂಥವು ಆರಿಸಿ. ಕನ್ನಡಕ್ಕೆ ನೋಟೋ ಸೆರಿಫ್ ಕನ್ನಡ ಇಟ್ಟರೆ ಇಂಗ್ಲಿಷಿಗೆ ನೋಟೋ ಸೆರಿಫ್ ಇಡಿ, ಎರಡೂ ಒಂದೇ ಮನೆತನ.

ಪುಟದ ಅಳತೆ ನೋಡುವುದು ಮರೆಯಬೇಡಿ. ಲಿನಕ್ಸ್ ಹಾಕುವಾಗ ಅಮೆರಿಕದ ಇಂಗ್ಲಿಷ್ ಆರಿಸಿದ್ದರೆ ಪುಟ ಲೆಟರ್ ಅಳತೆಗೆ ಹೋಗಿರುತ್ತದೆ. ನಮ್ಮಲ್ಲಿ ಸಿಗುವುದು ಎ4, ಅಂದರೆ 210 ಮತ್ತು 297 ಮಿಲಿಮೀಟರ್. ಪ್ರಿಂಟ್ ತೆಗೆದಾಗ ಅಂಚು ಹೆಚ್ಚುಕಡಿಮೆ ಬರುವುದಕ್ಕೆ ಇದೇ ಕಾರಣವಾಗಿರುತ್ತದೆ. ಫಾರ್ಮ್ಯಾಟ್ ಮೆನುವಿನ ಪೇಜ್ ಸ್ಟೈಲ್‌ನಲ್ಲಿ ಎ4 ಮಾಡಿ.

ಸಾಲುಗಳ ಅಂತರಕ್ಕೆ ಫಾರ್ಮ್ಯಾಟ್ ಮೆನುವಿನ ಪ್ಯಾರಾಗ್ರಾಫ್ ತೆರೆದು ಪ್ರೊಪೋರ್ಷನಲ್ ಆರಿಸಿ 115ರಿಂದ 130 ಪ್ರತಿಶತದೊಳಗೆ ಇಡಿ. ಕನ್ನಡಕ್ಕೆ ಒತ್ತು ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಇಂಗ್ಲಿಷಿಗೆ ಸಾಕಾಗುವ ಅಂತರ ಇಲ್ಲಿ ಇಕ್ಕಟ್ಟು. ಫಿಕ್ಸೆಡ್ ಎಂಬುದನ್ನು ಮಾತ್ರ ಮುಟ್ಟಬೇಡಿ. ಅದು ಒತ್ತಕ್ಷರದ ಕಾಲು ಕತ್ತರಿಸುತ್ತದೆ. ಎರಡೂ ಅಂಚು ಸಮ ಮಾಡುವ ಆಸೆಯನ್ನೂ ಬಿಡಿ. ಕನ್ನಡದ ಪದಗಳು ಉದ್ದ, ನಡುವೆ ದೊಡ್ಡ ದೊಡ್ಡ ಖಾಲಿ ಜಾಗ ಬಿದ್ದು ಪುಟ ತೂತುತೂತಾಗಿ ಕಾಣುತ್ತದೆ.

ಇಷ್ಟೆಲ್ಲ ಪ್ರತಿ ಸಲ ಮಾಡುವ ಅಗತ್ಯ ಇಲ್ಲ. ಖಾಲಿ ಪುಟದಲ್ಲಿ ಎಲ್ಲ ಸರಿಮಾಡಿಕೊಂಡು, ಫೈಲ್ ಮೆನುವಿನ ಟೆಂಪ್ಲೇಟ್ಸ್ ಒಳಗೆ ಸೇವ್ ಆ್ಯಸ್ ಟೆಂಪ್ಲೇಟ್ ಒತ್ತಿ, ಹೆಸರು ಕೊಟ್ಟು, ಡೀಫಾಲ್ಟ್ ಮಾಡುವ ಚೌಕಕ್ಕೆ ಗುರುತು ಹಾಕಿ. ಇನ್ನು ಮುಂದೆ ಹೊಸ ಪುಟ ತೆರೆದಾಗಲೆಲ್ಲ ನಿಮ್ಮ ಫಾಂಟು, ನಿಮ್ಮ ಅಂತರ, ಎ4 ಪುಟ.

ಕೆಂಪು ಗೆರೆಗಳ ವಿಷಯ. ಕನ್ನಡಕ್ಕೆ ಕಾಗುಣಿತ ಪರೀಕ್ಷೆಯ ನಿಘಂಟುಗಳು ಇವೆ, ಆದರೆ ನಮ್ಮ ಭಾಷೆಗೆ ಅವು ಸೋಲುತ್ತವೆ. ಮನೆ ಎಂಬ ಒಂದು ಪದ ಮನೆಯ, ಮನೆಯಲ್ಲಿ, ಮನೆಯಲ್ಲಿದ್ದ, ಮನೆಯಲ್ಲಿದ್ದವರಿಗೂ ಎಂದು ಬೆಳೆಯುತ್ತಾ ಹೋಗುತ್ತದೆ. ಎಲ್ಲ ರೂಪವನ್ನೂ ಪಟ್ಟಿ ಮಾಡಿ ಮುಗಿಸೋಕಾಗುವುದಿಲ್ಲ. ಸರಿಯಾದ ಪದಕ್ಕೂ ಕೆಂಪು ಗೆರೆ ಬಿದ್ದು ಕಣ್ಣಿಗೆ ಕಿರಿಕಿರಿಯಾದರೆ ಶಿಫ್ಟ್ ಮತ್ತು ಎಫ್7 ಒತ್ತಿ, ಗೆರೆಗಳು ಹೋಗುತ್ತವೆ. ಬೇಕಾದಾಗ ಮತ್ತೆ ತರಿಸಿಕೊಳ್ಳಿ. ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ವರ್ಡ್ ಕಂಪ್ಲೀಶನ್ ಅನ್ನೂ ನಿಲ್ಲಿಸಿ. ನೀವು ಬರೆಯುವ ಮೊದಲೇ ಪದ ಮುಗಿಸಿ ತೋರಿಸುವುದು ನಿಲ್ಲುತ್ತದೆ.

ನಮ್ಮೂರುಗಳಲ್ಲಿ ಕರೆಂಟ್ ಹೋಗುವುದಕ್ಕೆ ಹೊತ್ತುಗೊತ್ತು ಇಲ್ಲ. ಆಪ್ಷನ್ಸ್‌ನಲ್ಲಿ ಲೋಡ್/ಸೇವ್ ವಿಭಾಗದ ಜನರಲ್ ಪುಟದಲ್ಲಿ ಆಟೋರಿಕವರಿ 10 ನಿಮಿಷಕ್ಕೊಮ್ಮೆ ಎಂದಿರುತ್ತದೆ. ಅದನ್ನು 2 ನಿಮಿಷಕ್ಕೆ ಇಳಿಸಿ. ಬ್ಯಾಕಪ್ ಪ್ರತಿ ಇಡುವ ಚೌಕಕ್ಕೂ ಗುರುತು ಹಾಕಿ. ಯುಪಿಎಸ್ ಇಲ್ಲದ ಮನೆಯಲ್ಲಿ ಇದು ಬೇಕೇ ಬೇಕು.

ತೆರೆಯೋದು ನಿಧಾನ ಎನಿಸಿದರೆ ಆಪ್ಷನ್ಸ್‌ನ ಲಿಬ್ರೆಆಫೀಸ್ ವಿಭಾಗದಲ್ಲಿ ಅಡ್ವಾನ್ಸ್ಡ್ ಪುಟಕ್ಕೆ ಹೋಗಿ ಜಾವಾ ಬಳಕೆಯ ಗುರುತು ತೆಗೆಯಿರಿ. ಸಾಮಾನ್ಯ ಬರವಣಿಗೆಗೆ ಅದು ಬೇಕಾಗುವುದಿಲ್ಲ.

ಏಳನೆಯದು: ಶೀರ್ಷಿಕೆಗೆ ಸ್ಟೈಲ್

ಇದೊಂದನ್ನು ಕಲಿತರೆ ಸಾಕು, ರೈಟರ್‌ನ ಅರ್ಧ ಕೆಲಸ ಬಂದ ಹಾಗೆ. ಶೀರ್ಷಿಕೆಯನ್ನು ದಪ್ಪ ಮಾಡಿ ಗಾತ್ರ ಹೆಚ್ಚಿಸುವ ಬದಲು, ಆ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ ಮತ್ತು 1 ಒತ್ತಿ. ಉಪಶೀರ್ಷಿಕೆಗೆ ಕಂಟ್ರೋಲ್ ಮತ್ತು 2. ಮಾಮೂಲಿ ಪಠ್ಯಕ್ಕೆ ಕಂಟ್ರೋಲ್ ಮತ್ತು 0. ಇಪ್ಪತ್ತು ಪುಟದ ವರದಿ ಬರೆದ ಮೇಲೆ ಎಫ್5 ಒತ್ತಿ ನೋಡಿ. ಶೀರ್ಷಿಕೆಗಳೆಲ್ಲ ಪಟ್ಟಿಯಾಗಿ ಬರುತ್ತವೆ, ಬೇಕಾದಲ್ಲಿಗೆ ನೇರ ಜಿಗಿಯಬಹುದು. ಪರಿವಿಡಿಯೂ ತಾನಾಗಿಯೇ ತಯಾರಾಗುತ್ತದೆ. ಶೀರ್ಷಿಕೆಯ ಫಾಂಟ್ ಬದಲಿಸಬೇಕಾದರೆ ಎಫ್11 ಒತ್ತಿ, ಹೆಡಿಂಗ್ 1ರ ಮೇಲೆ ಬಲಕ್ಲಿಕ್ ಮಾಡಿ ಒಂದು ಕಡೆ ಬದಲಿಸಿದರೆ ಎಲ್ಲ ಕಡೆ ಬದಲಾಗುತ್ತದೆ.

ಎಂಟನೆಯದು: ಬೇರೆಯವರಿಗೆ ಕಳಿಸುವುದು

ಮೂಲ ಪ್ರತಿ ಯಾವಾಗಲೂ ಒಡಿಟಿಯಲ್ಲೇ ಇರಲಿ. ಅದು ಒಂದು ಕಂಪನಿಯ ಆಸ್ತಿಯಲ್ಲ, 2006ರಲ್ಲಿ ಅಂತರರಾಷ್ಟ್ರೀಯ ಮಾನದಂಡವಾದ ಓಪನ್ ಡಾಕ್ಯುಮೆಂಟ್ ಕುಟುಂಬಕ್ಕೆ ಸೇರಿದ್ದು. ಹತ್ತು ವರ್ಷ ಬಿಟ್ಟು ನಿಮ್ಮ ಬರಹ ನಿಮಗೆ ತೆರೆಯಬೇಕಲ್ವಾ? ಕಳಿಸಬೇಕಾದಾಗ ಮಾತ್ರ ಕಂಟ್ರೋಲ್, ಶಿಫ್ಟ್, ಎಸ್ ಒತ್ತಿ ಡಾಕ್‌ಎಕ್ಸ್ ಪ್ರತಿ ಮಾಡಿ.

ಡಾಕ್‌ಎಕ್ಸ್ ಕಳಿಸುವಾಗ ಫಾಂಟ್ ನೆನಪಿರಲಿ. ನಿಮ್ಮ ನವಿಲು ಫಾಂಟ್ ಅವರ ವಿಂಡೋಸ್‌ನಲ್ಲಿ ಇರುವುದಿಲ್ಲ. ಅಲ್ಲಿ ತುಂಗಾ ಅಥವಾ ನಿರ್ಮಲಾ ಯುಐ ಬಂದು ಕೂರುತ್ತದೆ. ಅಕ್ಷರ ಸರಿಯಾಗೇ ಇರುತ್ತದೆ, ಆದರೆ ಅಗಲ ಬದಲಾಗಿ ನಾಲ್ಕು ಪುಟದ್ದು ಐದಾಗಬಹುದು. ಫೈಲ್ ಮೆನುವಿನ ಪ್ರಾಪರ್ಟೀಸ್‌ನಲ್ಲಿ ಫಾಂಟ್ ಪುಟಕ್ಕೆ ಹೋಗಿ ಎಂಬೆಡ್ ಫಾಂಟ್ಸ್ ಗುರುತು ಹಾಕಿದರೆ ಫಾಂಟ್ ಕೂಡ ಫೈಲಿನೊಳಗೇ ಹೋಗುತ್ತದೆ. ಫೈಲಿನ ಗಾತ್ರ ಹೆಚ್ಚುತ್ತದೆ, ಪರವಾಗಿಲ್ಲ. ಅವರಿಂದ ಬರುವ ಇಂಗ್ಲಿಷ್ ಫೈಲುಗಳಿಗೆ ಇದೇ ತೊಂದರೆ ತಿರುಗಿ ಬರುತ್ತದೆ. ಕ್ಯಾಲಿಬ್ರಿ, ಕ್ಯಾಂಬ್ರಿಯಾ ನಿಮ್ಮಲ್ಲಿ ಇಲ್ಲ. ಅವುಗಳ ಅಗಲಕ್ಕೆ ಸರಿಹೊಂದುವಂತೆ ಮಾಡಿದ ಕಾರ್ಲಿಟೊ, ಕ್ಯಾಲಡಿಯಾ ಎಂಬ ಮುಕ್ತ ಫಾಂಟ್‌ಗಳನ್ನು ಹಾಕಿಕೊಂಡರೆ ಸಾಲುಗಳು ಕದಲುವುದಿಲ್ಲ. ಟೈಮ್ಸ್, ಏರಿಯಲ್‌ಗೆ ಲಿಬರೇಶನ್ ಫಾಂಟ್‌ಗಳು ಹಾಗೆಯೇ ಕೆಲಸ ಮಾಡುತ್ತವೆ.

ಪ್ರಿಂಟಿಗೆ ಪಿಡಿಎಫ್. ಇದರಲ್ಲೊಂದು ತುಂಬ ಉಪಯೋಗದ ಸೌಲಭ್ಯ ಇದೆ. ಫೈಲ್ ಮೆನುವಿನ ಎಕ್ಸ್‌ಪೋರ್ಟ್ ಆ್ಯಸ್ ಒಳಗೆ ಪಿಡಿಎಫ್ ಆರಿಸಿದಾಗ ಬರುವ ಕಿಟಕಿಯಲ್ಲಿ ಹೈಬ್ರಿಡ್ ಪಿಡಿಎಫ್ ಎಂಬ ಚೌಕ ನೋಡಿ. ಅದಕ್ಕೆ ಗುರುತು ಹಾಕಿದರೆ ನಿಮ್ಮ ಮೂಲ ಫೈಲ್ ಪಿಡಿಎಫ್‌ನ ಹೊಟ್ಟೆಯೊಳಗೇ ಇರುತ್ತದೆ. ಬೇರೆಯವರಿಗೆ ಅದು ಮಾಮೂಲಿ ಪಿಡಿಎಫ್. ನೀವು ರೈಟರ್‌ನಲ್ಲಿ ತೆರೆದರೆ ಪೂರ್ತಿ ತಿದ್ದಬಹುದು. ಕನ್ನಡ ಪಿಡಿಎಫ್‌ನಿಂದ ಪಠ್ಯ ನಕಲು ಮಾಡಿದಾಗ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದನ್ನು ಎಲ್ಲರೂ ನೋಡಿರುತ್ತೇವೆ. ಸಂಘದ ನಿಯಮಾವಳಿ, ಆಮಂತ್ರಣ ಪತ್ರಿಕೆ ಹೀಗೆ ವರ್ಷ ವರ್ಷ ತಿದ್ದಿ ಬಳಸುವಂಥವನ್ನು ಹೈಬ್ರಿಡ್ ಮಾಡಿಟ್ಟರೆ ಆ ಪಾಡು ಇಲ್ಲ.

ಒಂಬತ್ತನೆಯದು: ಹಳೆಯ ನುಡಿ, ಬರಹ ಫೈಲುಗಳು

ವಿಂಡೋಸ್ ಕಾಲದ ಫೈಲು ರೈಟರ್‌ನಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಿಲ್ಲದ ಯುರೋಪಿನ ಅಕ್ಷರಗಳು ಕಂಡರೆ, ಆ ಫೈಲು ಯುನಿಕೋಡ್‌ನಲ್ಲಿ ಇಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಹೋದರೆ ಕನ್ನಡವೂ ಹೋಯಿತು. ಫೈಲು ಹಾಳಾಗಿಲ್ಲ, ಅಳಿಸಬೇಡಿ. ಆಸ್ಕಿಯಿಂದ (ಈ ಹಳೆಯ ಬಗೆಗೆ ಬಳಸುವ ಹೆಸರು) ಯುನಿಕೋಡ್‌ಗೆ ಪರಿವರ್ತಿಸುವ ಉಚಿತ ಪರಿವರ್ತಕಗಳು ಸಿಗುತ್ತವೆ. ಪಠ್ಯವನ್ನು ಅದರಲ್ಲಿ ಅಂಟಿಸಿ, ಬಂದದ್ದನ್ನು ರೈಟರ್‌ಗೆ ತಂದುಕೊಳ್ಳಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಕನ್ನಡವೆಂದು ತಿಳಿದು ತಿರುಚಿಹೋಗುತ್ತವೆ, ಅಂಥ ಭಾಗಗಳನ್ನು ಬಿಟ್ಟು ಪರಿವರ್ತಿಸಿ. ಬಂದ ಮೇಲೆ ಅರ್ಕಾವತ್ತು ಇರುವ ಪದಗಳನ್ನು, ಎರಡೆರಡು ಒತ್ತು ಇರುವವನ್ನು ಕಣ್ಣಿಟ್ಟು ಓದಿ. ತಪ್ಪಿದರೆ ಅಲ್ಲೇ ತಪ್ಪಿರುತ್ತದೆ. ಎಲ್ಲ ಸರಿ ಇದೆ ಎಂದು ಖಾತ್ರಿಯಾದ ಮೇಲೂ ಹಳೆಯ ಫೈಲನ್ನು ಬೇರೊಂದು ಫೋಲ್ಡರಿನಲ್ಲಿ ಇಟ್ಟುಕೊಳ್ಳಿ.